ಬಿಎಫ್‌ಸಿಯ ಬೇಸಿಗೆ ತೀರ್ಮಾನಗಳು: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ತಂಡವು ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಫೈನಲ್ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗನ್‌ಗೆ 1–2ರಿಂದ ಸೋತಿತು. ಅಂದಿನಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪಂದ್ಯದ ಬಗ್ಗೆ ಅಲ್ಲ, ಪಂದ್ಯಗಳಿಲ್ಲದ ತಿಂಗಳುಗಳ ಬಗ್ಗೆ ಕೇಳಿವೆ: ಯಾರನ್ನು ಬಿಡುತ್ತಾರೆ, ಯಾರನ್ನು ತರುತ್ತಾರೆ, ಏಕೆ? ಅವುಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಕೆಲವನ್ನು ಈ 2025ರ ಆಗಸ್ಟ್ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ನಾನೂ ಬೆಳಗಾವಿಯವನೇ. ಈ ತಂಡ 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ–ಲೀಗ್ ಗೆದ್ದಾಗಿನಿಂದ ಅದನ್ನು ನನ್ನದೆಂದು ತಿಳಿದು ಬಂದವನು. ಆದ್ದರಿಂದ ಇಲ್ಲಿರುವುದು ಒಬ್ಬ ಅಭಿಮಾನಿಯ ಅಭಿಪ್ರಾಯವೆಂದೇ ಓದಬೇಕಾಗಿ ವಿನಂತಿ.

ಪ್ರಶ್ನೆ: ಸರ್, 2023ರ ಮಾರ್ಚ್ 18ರ ಫೈನಲ್ ನೋಡಲು ನಾವು ಏಳು ಮಂದಿ ಗೆಳೆಯರು ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿದ್ದೆವು. ಪೆನಾಲ್ಟಿಯಲ್ಲಿ ಸೋತರೂ ಅಂದಿನ ತಂಡದ ಮೇಲೆ ಹೆಮ್ಮೆಯಿತ್ತು. ಅದೇ ತಂಡ ಮರುವರ್ಷ ಹತ್ತನೆಯ ಸ್ಥಾನಕ್ಕೆ ಕುಸಿದದ್ದು ಹೇಗೆ? ನಡುವೆ ಇದ್ದದ್ದು ಒಂದು ಬೇಸಿಗೆ ಮಾತ್ರ.
— ಓದುಗರೊಬ್ಬರು, ಕ್ಯಾಂಪ್, ಬೆಳಗಾವಿ

ಉತ್ತರ: ತಮ್ಮ ಪ್ರಶ್ನೆಯ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಆ ಬೇಸಿಗೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಬಿಎಫ್‌ಸಿಯ ಇತಿಹಾಸದಲ್ಲಿ ಇಷ್ಟು ಪಾಠ ಕಲಿಸುವ ಬೇಸಿಗೆ ಇನ್ನೊಂದಿಲ್ಲವೆಂದು ನನಗೆ ಅನ್ನಿಸುತ್ತದೆ.

ತಾವು ಗೋವಾದ ಫತೋರ್ಡಾ ಕ್ರೀಡಾಂಗಣದಲ್ಲಿ ಕಂಡ ತಂಡ ಒಂದೇ ದಿನದಲ್ಲಿ ಕಟ್ಟಿದ್ದಲ್ಲ. 2022ರ ಜೂನ್‌ನಲ್ಲಿ ಸೈಮನ್ ಗ್ರೇಸನ್ ಕೋಚ್ ಆಗಿ ಬಂದರು. ಅದೇ ಬೇಸಿಗೆಯಲ್ಲಿ ರಾಯ್ ಕೃಷ್ಣ, ಸಂದೇಶ್ ಜಿಂಗನ್, ಹಾವಿ ಹೆರ್ನಾಂಡೆಜ್, ಪ್ರಬೀರ್ ದಾಸ್ ಬಂದರು. ಸೆಪ್ಟೆಂಬರ್‌ನಲ್ಲಿ ಡುರಾಂಡ್ ಕಪ್ ಗೆದ್ದರೂ, ಲೀಗ್‌ನ ಮೊದಲರ್ಧದಲ್ಲಿ ತಂಡ ಪರದಾಡಿತು. ಹೊಸಬರು ಒಬ್ಬರ ಓಟ ಇನ್ನೊಬ್ಬರಿಗೆ ಅರ್ಥವಾಗುವಷ್ಟು ಕಾಲ ಒಟ್ಟಿಗೆ ಆಡಿರಲಿಲ್ಲ. ಅದು ಅರ್ಥವಾದ ಮೇಲೆ ಲೀಗ್ ಹಂತದ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದು ನಾಲ್ಕನೆಯ ಸ್ಥಾನಕ್ಕೇರಿ, ಅಲ್ಲಿಂದ ಫೈನಲ್‌ವರೆಗೆ ಹೋದರು. ಅಂದರೆ ಆ ತಂಡದ ನಿಜವಾದ ಬಂಡವಾಳವೆಂದರೆ ಆರೇಳು ತಿಂಗಳು ಕಷ್ಟಪಟ್ಟು ಗಳಿಸಿದ ಪರಸ್ಪರ ಪರಿಚಯ.

ಮುಂದಿನ ಬೇಸಿಗೆಯಲ್ಲಿ ಆ ಬಂಡವಾಳವೇ ಕರಗಿಹೋಯಿತು. ರಾಯ್ ಕೃಷ್ಣ ಒಡಿಶಾಕ್ಕೆ ಹೋದರು. ಜಿಂಗನ್ ಹಾಗೂ 2014ರಿಂದ ನಮ್ಮಲ್ಲೇ ಇದ್ದ ಉದಾಂತ ಸಿಂಗ್ ಇಬ್ಬರೂ ಎಫ್‌ಸಿ ಗೋವಾ ಸೇರಿದರು. ಪ್ರಬೀರ್ ದಾಸ್ ಕೇರಳಕ್ಕೆ ನಡೆದರು, ಅಲನ್ ಕೋಸ್ಟಾ ತಂಡ ಬಿಟ್ಟರು. ಅವರ ಜಾಗಕ್ಕೆ ಕರ್ಟಿಸ್ ಮೇನ್, ಕೆಜಿಯಾ ವೀನ್‌ಡಾರ್ಪ್, ಸ್ಲಾವ್ಕೊ ದಮ್ಯಾನೊವಿಚ್, ರಯಾನ್ ವಿಲಿಯಮ್ಸ್, ಹಲಿಚರಣ್ ನರ್ಜಾರಿ, ಜೆಸೆಲ್ ಕಾರ್ನೇರೊ, ರೋಹಿತ್ ದಾನು ಮೊದಲಾದವರು ಬಂದರು. ಇವರಲ್ಲಿ ಆಟ ಬಾರದವರೆಂದು ಯಾರನ್ನೂ ಹೇಳಲಾಗದು. ವಿಲಿಯಮ್ಸ್ ಇಂದಿಗೂ ತಂಡದ ಆಸ್ತಿ. ಆದರೆ ಫುಟ್‌ಬಾಲ್ ತಂಡಕ್ಕೆ ಒಂದು ಬೆನ್ನೆಲುಬು ಇರುತ್ತದೆ: ಗೋಲ್‌ಕೀಪರ್, ಅವನ ಮುಂದೆ ಕೂಗಿ ಹೇಳಿ ರಕ್ಷಣೆಯನ್ನು ಜೋಡಿಸುವ ಡಿಫೆಂಡರ್, ನಡುವೆ ಚೆಂಡನ್ನು ಹಿಡಿದಿಡುವ ಮಿಡ್‌ಫೀಲ್ಡರ್, ತುದಿಯಲ್ಲಿ ಗೋಲು ಹೊಡೆಯುವ ಸ್ಟ್ರೈಕರ್. ಈ ನಾಲ್ಕರಲ್ಲಿ ಎರಡು ಕೀಲುಗಳನ್ನು, ಅಂದರೆ ಜಿಂಗನ್ ಮತ್ತು ಕೃಷ್ಣ ಅವರನ್ನು, ಒಂದೇ ಬೇಸಿಗೆಯಲ್ಲಿ ಕಳಚಿದರೆ ಉಳಿದ ಎಲುಬುಗಳು ಗಟ್ಟಿಯಾಗಿದ್ದರೂ ದೇಹ ನಿಲ್ಲುವುದಿಲ್ಲ.

ಹಾಗೆಯೇ ಆಯಿತು. ಡಿಸೆಂಬರ್‌ನಲ್ಲಿ ಕಂಠೀರವದಲ್ಲೇ ಮುಂಬೈ ಸಿಟಿ ವಿರುದ್ಧ 0–4ರ ಸೋಲಾಯಿತು. ಅದರ ಬೆನ್ನಿಗೆ ಗ್ರೇಸನ್ ಅವರನ್ನು ಬಿಡಲಾಯಿತು. 22 ಪಂದ್ಯಗಳಲ್ಲಿ 22 ಅಂಕ, 12 ತಂಡಗಳಲ್ಲಿ 10ನೆಯ ಸ್ಥಾನ. ಅದೇ ವರ್ಷ ರಾಯ್ ಕೃಷ್ಣ ಒಡಿಶಾ ಪರವಾಗಿ 13 ಗೋಲು ಹೊಡೆದು ಲೀಗ್‌ನ ಗರಿಷ್ಠ ಗೋಲುಗಳ ಲೆಕ್ಕದಲ್ಲಿ ಸಮನಾಗಿ ನಿಂತರು, ನಮ್ಮ ಇಬ್ಬರು ಆಟಗಾರರನ್ನು ಪಡೆದ ಗೋವಾ ಲೀಗ್ ಹಂತದಲ್ಲಿ ಮೂರನೆಯದಾಯಿತು. ಕೃಷ್ಣ ಅವರಿಗೆ ಆಗಲೇ ಮೂವತ್ತೈದು ದಾಟಿತ್ತು, ವಯಸ್ಸಾದ ಆಟಗಾರನಿಗೆ ದೊಡ್ಡ ಒಪ್ಪಂದ ಕೊಡಬಾರದು ಎಂಬ ವಾದವನ್ನು ನಾನು ಅನೇಕ ಬಾರಿ ಕೇಳಿದ್ದೇನೆ. ವಾದ ತಪ್ಪಲ್ಲ. ಆದರೆ ಒಬ್ಬರನ್ನು ಕಳುಹಿಸುವ ವರ್ಷ ಇನ್ನೊಬ್ಬರನ್ನು ಏನೇ ಆದರೂ ಹಿಡಿದಿಡಬೇಕಿತ್ತು ಎಂಬುದಷ್ಟೇ ನನ್ನ ದೂರು.

ತಮ್ಮ ಏಳು ಮಂದಿ ಗೆಳೆಯರಿಗೆ ಒಂದು ಮಾತು ನೆನಪಿಸುತ್ತೇನೆ. ಆ ಫೈನಲ್ ಆರಂಭವಾದ ಕೆಲವೇ ನಿಮಿಷಗಳಲ್ಲಿ ಶಿವಶಕ್ತಿ ನಾರಾಯಣನ್ ಗಾಯಗೊಂಡು ಹೊರಬಂದರು, ಸುನಿಲ್ ಚೆಟ್ರಿ ಒಳಗೆ ಹೋದರು. ಈ ಬದಲಾವಣೆಯ ವಿಷಯಕ್ಕೆ ವಿಜಯಪುರದ ಪತ್ರದಲ್ಲಿ ಮರಳಿ ಬರುತ್ತೇನೆ.

ಪ್ರಶ್ನೆ: ಐಪಿಎಲ್‌ನಲ್ಲಿ ಹರಾಜು ನಡೆಯುತ್ತದೆ, ಯಾರು ಎಷ್ಟಕ್ಕೆ ಹೋದರೆಂದು ಮನೆಯವರೆಲ್ಲ ಟಿವಿಯಲ್ಲಿ ನೋಡುತ್ತೇವೆ. ಫುಟ್‌ಬಾಲ್‌ನಲ್ಲಿ ಒಂದು ದಿನ ಇದ್ದ ಆಟಗಾರ ಮರುದಿನ ಬೇರೆ ಅಂಗಿಯಲ್ಲಿ ಕಾಣಿಸುತ್ತಾನೆ, ಕ್ಲಬ್ಬಿಗೆ ಒಂದು ರೂಪಾಯಿಯೂ ಬಂದಂತೆ ಕಾಣುವುದಿಲ್ಲ. ಇದು ಹೇಗೆ?
— ಓದುಗರೊಬ್ಬರು, ಜಮಖಂಡಿ

ಉತ್ತರ: ಐಎಸ್‌ಎಲ್ ಆರಂಭದಲ್ಲಿ ಭಾರತೀಯ ಆಟಗಾರರಿಗಾಗಿ ಡ್ರಾಫ್ಟ್ ಎಂಬ ಪದ್ಧತಿ ಇತ್ತು, ಬಿಎಫ್‌ಸಿ ಲೀಗಿಗೆ ಸೇರಿದ 2017ರಲ್ಲೂ ಅದು ನಡೆದಿತ್ತು. ಈಗ ಜಗತ್ತಿನ ಬೇರೆ ಕಡೆಗಳಂತೆ ಇಲ್ಲಿಯೂ ಆಟಗಾರ ಮತ್ತು ಕ್ಲಬ್ಬಿನ ನಡುವಿನ ಒಪ್ಪಂದವೇ ಎಲ್ಲ. ಒಪ್ಪಂದ ಉಳಿದಿರುವಾಗ ಆಟಗಾರನನ್ನು ಒಯ್ಯಬೇಕಾದರೆ ಮೊದಲಿನ ಕ್ಲಬ್ಬಿಗೆ ವರ್ಗಾವಣೆ ಶುಲ್ಕ ಕೊಡಬೇಕು, ಇಲ್ಲವೇ ಬದಲಿಗೆ ಒಬ್ಬ ಆಟಗಾರನನ್ನು ಕೊಡಬೇಕು. 2022ರಲ್ಲಿ ಆಶಿಕ್ ಕುರುಣಿಯನ್ ಕೋಲ್ಕತ್ತಕ್ಕೆ ಹೋಗಿ ಪ್ರಬೀರ್ ದಾಸ್ ಇಲ್ಲಿಗೆ ಬಂದದ್ದು ಇಂಥ ಅದಲು ಬದಲಿನಿಂದ. ಒಪ್ಪಂದ ಮುಗಿದರೆ ಆಟಗಾರ ಸ್ವತಂತ್ರ, ಹಳೆಯ ಕ್ಲಬ್ಬಿಗೆ ಏನೂ ಸಿಗುವುದಿಲ್ಲ.

ಇದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಫಿಫಾ ನಿಯಮದಂತೆ ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಆಟಗಾರನು ಬೇರೆ ಕ್ಲಬ್ಬಿನೊಡನೆ ಮುಂದಿನ ವರ್ಷಕ್ಕೆ ಸಹಿ ಹಾಕಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಒಪ್ಪಂದಗಳು ಮೇ 31ಕ್ಕೆ ಮುಗಿಯುವುದರಿಂದ ಡಿಸೆಂಬರ್ ಬಂತೆಂದರೆ ಬಾಗಿಲು ತೆರೆದಂತೆಯೇ. ನಾವು ಜೂನ್‌ನಲ್ಲಿ ಕೇಳಿ ಬೆಚ್ಚಿಬೀಳುವ ಸುದ್ದಿ ಎಷ್ಟೋ ಸಲ ಜನವರಿಯಲ್ಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಉಳಿಸಿಕೊಳ್ಳಬೇಕಾದ ಆಟಗಾರನ ಮಾತುಕತೆಯನ್ನು ಕ್ಲಬ್ಬು ದೀಪಾವಳಿಯ ಹೊತ್ತಿಗೆ ಮುಗಿಸಿರಬೇಕು. ಯುಗಾದಿಯವರೆಗೆ ಕಾದರೆ ಕಾಲ ಮಿಂಚಿರುತ್ತದೆ.

ಪ್ರಶ್ನೆ: ಹಾಗಾದರೆ 2024ರ ಬೇಸಿಗೆಯಲ್ಲಿ ಮಾಡಿದ್ದು ಸರಿಯೇ? ಮುಂಬೈಯಿಂದ ಮೂವರನ್ನು ತಂದದ್ದಕ್ಕೆ ಆಗ ಎಷ್ಟೋ ಜನ ಟೀಕಿಸಿದ್ದರು, ಎಲ್ಲರೂ ವಯಸ್ಸಾದವರು ಎಂದು.
— ಓದುಗರೊಬ್ಬರು, ಚಿಕ್ಕೋಡಿ

ಉತ್ತರ: ಟೀಕಿಸಿದವರಲ್ಲಿ ನಾನೂ ಇದ್ದೆ. ನನ್ನ ಅಂದಾಜು ತಪ್ಪಾಗಿತ್ತು.

ಅಂದು ಬಂದವರು ಅಲ್ಬರ್ಟೊ ನೊಗೆರಾ, ಜಾರ್ಜ್ ಪೆರೇರಾ ಡಿಯಾಜ್ ಮತ್ತು ರಾಹುಲ್ ಭೆಕೆ. ಮೂವರೂ ಆ ಮೇ ತಿಂಗಳಲ್ಲಿ ಮೋಹನ್ ಬಾಗನ್ ಅನ್ನು ಸೋಲಿಸಿ ಐಎಸ್‌ಎಲ್ ಕಪ್ ಎತ್ತಿದ್ದ ಮುಂಬೈ ಸಿಟಿಯವರು. ಭೆಕೆ ಅಲ್ಲಿನ ನಾಯಕ, ಅದಕ್ಕೂ ಮೊದಲು ನಮ್ಮವರೇ. 2019ರ ಮಾರ್ಚ್ 17ರಂದು ಗೋವಾ ವಿರುದ್ಧದ ಫೈನಲ್‌ನಲ್ಲಿ 117ನೆಯ ನಿಮಿಷಕ್ಕೆ ತಲೆಯಿಂದ ಹೊಡೆದು ಬಿಎಫ್‌ಸಿಗೆ ಏಕೈಕ ಐಎಸ್‌ಎಲ್ ಪ್ರಶಸ್ತಿ ತಂದುಕೊಟ್ಟ ಆಟಗಾರ. ಸ್ಪೇನ್‌ನವರಾದ ಎಡ್ಗರ್ ಮೆಂಡೆಜ್ ಮತ್ತು ಪೆಡ್ರೊ ಕಾಪೊ ಕೂಡ ಬಂದರು. ಇವರನ್ನೆಲ್ಲ ಒಟ್ಟುಗೂಡಿಸಿದ ಕೋಚ್ ಜೆರಾರ್ಡ್ ಜರಗೊಜಾ ಕೂಡ ಹೊಸಬರಲ್ಲ, 2019ರ ಪ್ರಶಸ್ತಿಯ ವರ್ಷ ಕಾರ್ಲ್ಸ್ ಕ್ವಾಡ್ರಾಟ್ ಅವರಿಗೆ ಸಹಾಯಕರಾಗಿದ್ದವರು.

ನಾನು ಆಗ ಜನ್ಮದಿನಾಂಕಗಳನ್ನು ಮಾತ್ರ ನೋಡಿದೆ. ಈಗ ಹಿಂತಿರುಗಿ ನೋಡಿದರೆ ಕಾಣುವುದು ಬೇರೆ. ನೊಗೆರಾ ಕೊಡುವ ಚೆಂಡು ಎಲ್ಲಿಗೆ ಬರುತ್ತದೆಂದು ಡಿಯಾಜ್‌ಗೆ ಮೊದಲೇ ಗೊತ್ತಿತ್ತು. ಭೆಕೆಗೆ ಕಂಠೀರವದ ಅಂಗಳ ಗೊತ್ತಿತ್ತು, ಹಿಂದೆ ನಿಂತಿರುವ ಗುರುಪ್ರೀತ್ ಸಿಂಗ್ ಸಂಧು ಯಾವಾಗ ಗೋಲು ಬಿಟ್ಟು ಮುಂದೆ ಬರುತ್ತಾರೆಂಬುದು ಗೊತ್ತಿತ್ತು. ಕೋಚ್‌ಗೆ ಭೆಕೆ, ಚೆಟ್ರಿ, ಗುರುಪ್ರೀತ್ ಮೂವರ ಸ್ವಭಾವವೂ ಗೊತ್ತಿತ್ತು. ಋತು ಆರಂಭವಾಗುವ ಮೊದಲು ಅಭ್ಯಾಸಕ್ಕೆ ಸಿಗುವುದು ಎರಡು ತಿಂಗಳಷ್ಟೇ. ಅಷ್ಟರಲ್ಲಿ ಅಪರಿಚಿತರನ್ನು ಪರಿಚಿತರನ್ನಾಗಿ ಮಾಡುವುದು ಕಷ್ಟ. ಪರಿಚಯವಿದ್ದವರನ್ನೇ ತಂದರೆ ಅದೇ ಎರಡು ತಿಂಗಳನ್ನು ಆಟಕ್ಕೆ ಬಳಸಬಹುದು. 2023ರಲ್ಲಿ ಕಳೆದುಕೊಂಡ ಅದೇ ಬಂಡವಾಳವನ್ನು ಕ್ಲಬ್ಬು 2024ರಲ್ಲಿ ಸಿದ್ಧ ರೂಪದಲ್ಲಿ ಕೊಂಡು ತಂದಿತು ಎಂದು ನಾನು ಈಗ ಅರ್ಥಮಾಡಿಕೊಳ್ಳುತ್ತೇನೆ.

ಫಲ ತಮಗೆ ತಿಳಿದೇ ಇದೆ. ಲೀಗ್ ಹಂತದಲ್ಲಿ 24 ಪಂದ್ಯಗಳಿಂದ 38 ಅಂಕ ಮತ್ತು ಮೂರನೆಯ ಸ್ಥಾನ. ನಾಕೌಟ್‌ನಲ್ಲಿ, ಮೂವರನ್ನು ಕಳೆದುಕೊಂಡಿದ್ದ ಅದೇ ಮುಂಬೈ ವಿರುದ್ಧ 5–0. ಸೆಮಿಫೈನಲ್‌ನಲ್ಲಿ ಗೋವಾವನ್ನು ಒಟ್ಟು 3–2ರಿಂದ ದಾಟಿ ಫೈನಲ್. ಹಾವಿ ಹೆರ್ನಾಂಡೆಜ್ ಅವರನ್ನು ಜಮ್ಶೆಡ್‌ಪುರಕ್ಕೆ ಬಿಟ್ಟುಕೊಟ್ಟದ್ದು ಮಾತ್ರ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಆದರೆ ನೋಂದಾಯಿಸಬಹುದಾದ ವಿದೇಶಿಯರು ಆರು, ಅಂಗಳದಲ್ಲಿ ಒಮ್ಮೆಗೆ ನಾಲ್ವರು ಎಂಬ ಮಿತಿ ಇರುವಾಗ ಒಬ್ಬ ಒಳ್ಳೆಯ ಆಟಗಾರನನ್ನು ಕಳುಹಿಸದೆ ಇನ್ನೊಬ್ಬನನ್ನು ತರಲಾಗುವುದಿಲ್ಲವೆಂಬುದನ್ನೂ ಒಪ್ಪಬೇಕು.

ಪ್ರಶ್ನೆ: ನಾನು ಬಿ.ಎಸ್‌ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಈ ತಿಂಗಳ 3ರಂದು ಚೆಟ್ರಿ ಅವರಿಗೆ 41 ತುಂಬಿತು. ಅವರಿಲ್ಲದ ತಂಡವನ್ನು ಯೋಚಿಸಲೂ ಮನಸ್ಸಾಗುವುದಿಲ್ಲ. ಅವರ ನಂತರ ಯಾರು ಎಂಬ ಪ್ರಶ್ನೆಗೆ ಕ್ಲಬ್ಬು ಪ್ರತಿ ಬೇಸಿಗೆಯಲ್ಲೂ ಬೆನ್ನು ತಿರುಗಿಸುತ್ತಿದೆ ಎಂದು ನಿಮಗೆ ಅನ್ನಿಸುವುದಿಲ್ಲವೇ?
— ವಿಜಯಪುರ

ಉತ್ತರ: ಅನ್ನಿಸುತ್ತದೆ, ತಂಗಿ. ನಿಮ್ಮ ನೋವೂ ಅರ್ಥವಾಗುತ್ತದೆ. ನಲವತ್ತು ದಾಟಿದ ಆಟಗಾರ ಒಂದು ಋತುವಿನಲ್ಲಿ 14 ಗೋಲು ಹೊಡೆದು ಭಾರತೀಯರ ಪೈಕಿ ಮೊದಲಿಗನಾಗುತ್ತಾನೆ. 2024ರ ಜೂನ್ 6ರಂದು ಕುವೈತ್ ವಿರುದ್ಧ ಆಡಿ ದೇಶದ ತಂಡಕ್ಕೆ ವಿದಾಯ ಹೇಳಿದವನನ್ನು 2025ರ ಮಾರ್ಚ್‌ನಲ್ಲಿ ದೇಶವೇ ಮರಳಿ ಕರೆಯುತ್ತದೆ. ಇದು ಅವರ ದೊಡ್ಡತನ. ಅದೇ ಹೊತ್ತಿಗೆ, ಇಪ್ಪತ್ತರ ಹರೆಯದ ಸ್ಟ್ರೈಕರ್‌ಗಳನ್ನು ಬೆಳೆಸದ ನಮ್ಮೆಲ್ಲ ಕ್ಲಬ್ಬುಗಳ ಕೊರತೆಯೂ ಹೌದು.

ನಿಮ್ಮ ಮಾತಿಗೆ ಒಂದೇ ಒಂದು ತಿದ್ದುಪಡಿ ಸೇರಿಸುತ್ತೇನೆ. ಉತ್ತರವೇ ಸಿಕ್ಕಿಲ್ಲ ಎನ್ನಲಾಗದು. ಒಮ್ಮೆ ಸಿಕ್ಕಿತ್ತು, ನಂತರ ಅದನ್ನು ಕೈಬಿಟ್ಟರು. 2022–23ರ ದ್ವಿತೀಯಾರ್ಧವನ್ನು ನೆನಪಿಸಿಕೊಳ್ಳಿ. ಕ್ಲಬ್ಬಿನ ಎರಡನೆಯ ತಂಡದಿಂದ ಬಂದ ಶಿವಶಕ್ತಿ ನಾರಾಯಣನ್ ಮತ್ತು ರಾಯ್ ಕೃಷ್ಣ ಮುಂಚೂಣಿಯಲ್ಲಿ ಪಂದ್ಯ ಆರಂಭಿಸುತ್ತಿದ್ದರು. ಚೆಟ್ರಿ ಬೆಂಚಿನಲ್ಲಿ ಕುಳಿತು, ಎದುರಾಳಿ ದಣಿದ ಮೇಲೆ ಅಂಗಳಕ್ಕಿಳಿಯುತ್ತಿದ್ದರು. ಕೇರಳ ಬ್ಲಾಸ್ಟರ್ಸ್ ತಂಡ ಮುನಿಸಿಕೊಂಡು ಅಂಗಳ ಬಿಟ್ಟು ನಡೆದ ಆ ಪ್ಲೇಆಫ್ ಪಂದ್ಯದ ಫ್ರೀ ಕಿಕ್ ಹೊಡೆದಾಗಲೂ ಅವರು ಬದಲಿ ಆಟಗಾರರಾಗಿಯೇ ಬಂದಿದ್ದರು. ಆ ಋತುವಿನ ಅತ್ಯುತ್ತಮ ಉದಯೋನ್ಮುಖ ಆಟಗಾರ ಪ್ರಶಸ್ತಿ ಶಿವಶಕ್ತಿಗೆ ಬಂತು. ಹಿರಿಯನ ಹೆಗಲಿನ ಭಾರ ಇಳಿದಿತ್ತು, ಕಿರಿಯನಿಗೆ ಪಕ್ಕದಲ್ಲೊಬ್ಬ ಅನುಭವಿ ಜೊತೆಗಾರನಿದ್ದ, ತಂಡ ಗೆಲ್ಲುತ್ತಿತ್ತು. ಮನೆಯ ಹಿರಿಯರು ಬದುಕಿರುವಾಗಲೇ ಮಗನ ಕೈಗೆ ಕೀಲಿಕೈ ಕೊಟ್ಟು ಪಕ್ಕದಲ್ಲಿ ನಿಂತು ನೋಡುವಂಥ ವ್ಯವಸ್ಥೆ ಅದು.

2023ರ ಬೇಸಿಗೆಯಲ್ಲಿ ಕೃಷ್ಣ ಹೋದಾಗ ಕುಸಿದದ್ದು ಈ ವ್ಯವಸ್ಥೆ. ಕರ್ಟಿಸ್ ಮೇನ್ ಅವರಿಂದ ನಿರೀಕ್ಷಿಸಿದ ಗೋಲುಗಳು ಬರಲಿಲ್ಲ, ಶಿವಶಕ್ತಿಗೆ ಹಿಂದಿನ ವರ್ಷದ ಲಯ ಸಿಗಲಿಲ್ಲ, ಭಾರವೆಲ್ಲ ಮತ್ತೆ 39ರ ಚೆಟ್ರಿ ಮೇಲೆ ಬಿತ್ತು. ಇಂಥದ್ದು ನಡೆದದ್ದು ಅದೇ ಮೊದಲಲ್ಲ. 2017–18ರಲ್ಲಿ ವೆನೆಜುವೆಲಾದ ಮಿಕು 15 ಗೋಲು, ಚೆಟ್ರಿ 14 ಗೋಲು ಹೊಡೆದಿದ್ದರು. 2019ರಲ್ಲಿ ಪ್ರಶಸ್ತಿ ಗೆದ್ದ ಕೂಡಲೇ ಮಿಕು ಹೋದರು, ಅವರಿಗೆ ಚೆಂಡು ಒದಗಿಸುತ್ತಿದ್ದ ಶಿಸ್ಕೊ ಹೆರ್ನಾಂಡೆಜ್ ಕೂಡ ಹೋದರು. ಮುಂದಿನ ವರ್ಷ ಚೆಟ್ರಿ ಒಬ್ಬರೇ 9 ಗೋಲು ಹೊಡೆದು ತಂಡವನ್ನು ಮೂರನೆಯ ಸ್ಥಾನದವರೆಗೆ ಎಳೆದು ತಂದರು. ಸೆಮಿಫೈನಲ್‌ನಲ್ಲಿ ತವರಿನಲ್ಲಿ ಕೋಲ್ಕತ್ತದ ಎಟಿಕೆ ತಂಡದ ವಿರುದ್ಧ 1–0 ಗೆದ್ದು, ಕೋಲ್ಕತ್ತದಲ್ಲಿ 1–3 ಸೋತಾಗ ಮುಂದೆ ಇನ್ನೊಬ್ಬ ಗೋಲು ಹೊಡೆಯುವವನ ಕೊರತೆ ಎದ್ದು ಕಂಡಿತ್ತು. ಅದರ ನಂತರದ ಎರಡು ವರ್ಷ ಏಳನೆಯ ಮತ್ತು ಆರನೆಯ ಸ್ಥಾನ.

ಆದ್ದರಿಂದ ಚೆಟ್ರಿ ನಿವೃತ್ತರಾದ ಮೇಲಿನ ಬೇಸಿಗೆಯಲ್ಲಿ ಹಣ ಚೆಲ್ಲಿ ಒಬ್ಬ ದೊಡ್ಡ ಹೆಸರನ್ನು ತರುವುದರಿಂದ ಪರಿಹಾರ ಸಿಗುವುದಿಲ್ಲವೆಂದು ನನ್ನ ನಂಬಿಕೆ. ಅವರು ಇನ್ನೂ ಆಡುತ್ತಿರುವಾಗಲೇ, ಅವರು ಹೇಗೆ ಡಿಫೆಂಡರ್‌ನ ಕಣ್ಣು ತಪ್ಪಿಸಿ ಹತ್ತಿರದ ಕಂಬಕ್ಕೆ ಓಡುತ್ತಾರೆಂಬುದನ್ನು ದಿನವೂ ಅಭ್ಯಾಸದಲ್ಲಿ ನೋಡಿ ಕಲಿಯುವ ಇಬ್ಬರು ಭಾರತೀಯ ಹುಡುಗರಿಗೆ ಮೂರು ವರ್ಷದ ಒಪ್ಪಂದ ಕೊಡಬೇಕು, ಅವರಿಗೆ ನಿಜವಾದ ನಿಮಿಷಗಳನ್ನು ಕೊಡಬೇಕು, ಅವರು ತಪ್ಪಿಸಿಕೊಂಡ ಗೋಲುಗಳನ್ನು ನಾವು ಅಭಿಮಾನಿಗಳು ಸಹಿಸಿಕೊಳ್ಳಬೇಕು. ಕಳೆದ ಏಪ್ರಿಲ್‌ನಲ್ಲಿ ಫತೋರ್ಡಾದ ಸೆಮಿಫೈನಲ್‌ನ ಕೊನೆಯ ಕ್ಷಣದಲ್ಲಿ ಚೆಟ್ರಿ ಹೆಡ್ಡರ್ ಹೊಡೆದಾಗ ನಾನೂ ಕುರ್ಚಿಯಿಂದ ಎದ್ದು ಕೂಗಿದವನೇ. ಕೂಗಿ ಕುಳಿತ ಮೇಲೆ ಮನಸ್ಸಿಗೆ ಬಂದದ್ದು ನಿಮ್ಮದೇ ಪ್ರಶ್ನೆ.

ಪ್ರಶ್ನೆ: ನಮಗೆ ಬೆಂಗಳೂರಿಗಿಂತ ಗೋವಾ ಹತ್ತಿರ. ಜಿಂಗನ್, ಉದಾಂತ ಇಬ್ಬರೂ ಈಗ ಅಲ್ಲೇ. ಗೋವಾ ತಂಡಕ್ಕೆ ಬೆಂಬಲ ಕೊಟ್ಟರೆ ತಪ್ಪೇ?
— ಓದುಗರೊಬ್ಬರು, ಖಾನಾಪುರ

ಉತ್ತರ: ತಪ್ಪೇನಿಲ್ಲ. ಬೆಳಗಾವಿ ಭಾಗದವರು ಗೋವಾದ ಫುಟ್‌ಬಾಲ್ ನೋಡಿಯೇ ಬೆಳೆದವರು. ಬಿಎಫ್‌ಸಿ ಫತೋರ್ಡಾಕ್ಕೆ ಬಂದ ದಿನ ಮಾತ್ರ ನೀಲಿ ಅಂಗಿ ಹಾಕಿಕೊಂಡು ಬನ್ನಿ, ಅಷ್ಟು ಸಾಕು.

ಪ್ರಶ್ನೆ: ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಕ. ನಮ್ಮ ಹುಡುಗರಲ್ಲಿ ಓಟವಿದೆ, ಗಟ್ಟಿತನವಿದೆ. ಕರ್ನಾಟಕದ ಹೆಸರು ಹೊತ್ತ ಈ ತಂಡ ಪ್ರತಿ ಬೇಸಿಗೆ ಸ್ಪೇನ್, ಮಣಿಪುರ, ಮುಂಬೈಗಳ ಕಡೆ ನೋಡುತ್ತದೆಯೇ ಹೊರತು ನಮ್ಮ ಕಡೆ ನೋಡುವುದಿಲ್ಲ.
— ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ಗುರುಗಳೇ, ತಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ಲಬ್ಬಿನ ವಸತಿ ಅಕಾಡೆಮಿ ಇರುವುದು ಬೆಂಗಳೂರಿನಲ್ಲಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ವಿಜಯನಗರ ಟೌನ್‌ಶಿಪ್‌ನಲ್ಲಿ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆವರಣದಲ್ಲಿ. ತಮ್ಮೂರಿನ ಮೂಲಕವೇ ಹಾದು ಹೋಗುವ ವಿಜಯಪುರ–ಹೊಸಪೇಟೆ ಹೆದ್ದಾರಿ ಹಿಡಿದು ಹೊಸಪೇಟೆ ದಾಟಿದರೆ ಅಲ್ಲಿಗೆ ತಲುಪುತ್ತೀರಿ. ನಮ್ಮ ಮೂರು ಜಿಲ್ಲೆಗಳ ಹುಡುಗರಿಗೆ ಅದು ರಾಜಧಾನಿಗಿಂತ ಸಮೀಪ.

ಯುವಕರನ್ನು ಬೆಳೆಸುವುದರಲ್ಲಿ ಕ್ಲಬ್ಬು ಹಿಂದೆ ಬಿದ್ದಿಲ್ಲ ಎಂಬುದೂ ಸತ್ಯ. 2022ರಲ್ಲಿ ನಡೆದ ಮೊದಲ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಗೆದ್ದದ್ದು ಬಿಎಫ್‌ಸಿಯ ಹುಡುಗರೇ. ಎರಡನೆಯ ತಂಡದಿಂದ ಮೇಲೆ ಬಂದ ರೋಶನ್ ಸಿಂಗ್ ಇಂದು ದೇಶಕ್ಕೆ ಆಡಿದ ಆಟಗಾರ. 2024ರ ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲ್ ವಿರುದ್ಧ ಋತುವಿನ ಮೊದಲ ಪಂದ್ಯ 1–0ರಿಂದ ಗೆದ್ದಾಗ ಆ ಒಂದು ಗೋಲು ಹೊಡೆದದ್ದು ಅಕಾಡೆಮಿಯಲ್ಲೇ ಬೆಳೆದ ವಿನೀತ್ ವೆಂಕಟೇಶ್.

ಆದರೆ ಅಕಾಡೆಮಿ ನಮ್ಮ ಸೀಮೆಯಲ್ಲಿದ್ದರೂ ನಮ್ಮ ಶಾಲೆಗಳ ಮೈದಾನಕ್ಕೆ ಅದರ ಕಣ್ಣು ಸಾಕಷ್ಟು ತಲುಪಿಲ್ಲವೆಂಬ ತಮ್ಮ ಬೇಸರ ನನ್ನದೂ ಹೌದು. ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ, ಟಿಳಕವಾಡಿಯ ಲೇಲೆ ಮೈದಾನದಲ್ಲಿ ಸಂಜೆ ಚೆಂಡು ಒದೆಯುವ ಹುಡುಗರನ್ನು ನಾನು ದಿನವೂ ನೋಡುತ್ತೇನೆ. ಅವರಲ್ಲಿ ಹನ್ನೆರಡು ಹದಿಮೂರರ ಪ್ರಾಯದಲ್ಲಿ ಎರಡೂ ಕಾಲಿನಿಂದ ಆಡಬಲ್ಲವರಿದ್ದಾರೆ. ಹದಿನೇಳಕ್ಕೆ ಬರುವಷ್ಟರಲ್ಲಿ ಅವರಲ್ಲಿ ಅರ್ಧ ಜನ ಮೈದಾನ ಬಿಟ್ಟಿರುತ್ತಾರೆ, ಏಕೆಂದರೆ ಆ ನಾಲ್ಕು ವರ್ಷಗಳಲ್ಲಿ ಯಾರೂ ಬಂದು ಅವರನ್ನು ನೋಡಿರುವುದಿಲ್ಲ. ವರ್ಷಕ್ಕೊಮ್ಮೆ, ಮೇ ತಿಂಗಳ ರಜೆಯಲ್ಲಿ, ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಎರಡೆರಡು ದಿನ ಆಯ್ಕೆ ಶಿಬಿರ ನಡೆಸಲು ಕ್ಲಬ್ಬಿಗೆ ತಗಲುವ ಖರ್ಚು ಒಬ್ಬ ವಿದೇಶಿ ಆಟಗಾರನ ವಿಮಾನ ಟಿಕೆಟ್ಟುಗಳಿಗಿಂತ ಬಹಳ ಹೆಚ್ಚಾಗಲಾರದು. ತಾವು ತಮ್ಮ ಶಾಲೆಯ ಲೆಟರ್‌ಹೆಡ್‌ನಲ್ಲಿ ಅಕಾಡೆಮಿಗೆ ಬರೆಯಿರಿ. ಹುಡುಗರ ಜನ್ಮದಿನಾಂಕ, ಆಡುವ ಸ್ಥಾನ, ಸಾಧ್ಯವಾದರೆ ಒಂದು ಪೂರ್ತಿ ಪಂದ್ಯದ ವಿಡಿಯೋ ಜೊತೆಗಿರಲಿ. ಗೋಲುಗಳನ್ನಷ್ಟೇ ಕತ್ತರಿಸಿ ಜೋಡಿಸಿದ ತುಣುಕುಗಳಿಗಿಂತ ಪೂರ್ತಿ ಪಂದ್ಯ ಮೇಲು, ಏಕೆಂದರೆ ಚೆಂಡು ಇಲ್ಲದಾಗ ಹುಡುಗ ಎಲ್ಲಿ ನಿಲ್ಲುತ್ತಾನೆಂಬುದು ಅದರಲ್ಲಿ ಮಾತ್ರ ಕಾಣುತ್ತದೆ.

ಪ್ರಶ್ನೆ: ಇದೇ ಆಗಸ್ಟ್ 10ರಂದು ಬೆಳಗಾವಿಯಿಂದ ಬೆಂಗಳೂರಿಗೆ ವಂದೇ ಭಾರತ್ ರೈಲು ಶುರುವಾಯಿತು. ಈ ವರ್ಷ ಮಕ್ಕಳನ್ನು ಕಂಠೀರವಕ್ಕೆ ಕರೆದೊಯ್ಯುವ ಆಸೆಯಿತ್ತು. ಈಗ ನೋಡಿದರೆ ಲೀಗೇ ನಿಂತಿದೆ, ಕ್ಲಬ್ಬು ಆಟಗಾರರ ಸಂಬಳವನ್ನೂ ತಡೆಹಿಡಿದಿದೆ. ಇದು ಸರಿಯೇ? ಗೋಕಾಕದಲ್ಲಿ ಕುಳಿತ ನಾವು ಏನು ಮಾಡಲು ಸಾಧ್ಯ?
— ಓದುಗರೊಬ್ಬರು, ಗೋಕಾಕ

ಉತ್ತರ: ಈ ಬೇಸಿಗೆಯ ಪತ್ರಗಳಲ್ಲಿ ಓದಲು ಅತ್ಯಂತ ಕಷ್ಟವಾದದ್ದು ತಮ್ಮದು. ವಿಷಯ ತಿಳಿಯದ ಓದುಗರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಐಎಸ್‌ಎಲ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಸಂಸ್ಥೆಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ ನಡುವೆ ಇದ್ದ, 2010ರಲ್ಲಿ ಆರಂಭವಾದ 15 ವರ್ಷಗಳ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಫೆಡರೇಷನ್ನಿನ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟ್ ಮುಂದಿದ್ದುದರಿಂದ ಹೊಸ ಒಪ್ಪಂದದ ಮಾತುಕತೆ ಮುಂದುವರಿಯಲಿಲ್ಲ. ಜುಲೈ 11ರಂದು 2025–26ರ ಋತುವನ್ನು ತಡೆಹಿಡಿಯಲಾಗಿದೆ ಎಂದು ಕ್ಲಬ್ಬುಗಳಿಗೆ ತಿಳಿಸಲಾಯಿತು. ಆಗಸ್ಟ್ 4ರಂದು ಬಿಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲದವರೆಗೆ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಯುವ ತಂಡಗಳಿಗೂ ಫುಟ್‌ಬಾಲ್ ಶಾಲೆಗಳಿಗೂ ಇದು ಅನ್ವಯವಾಗದೆಂದು ಹೇಳಿತು. ಬೇರೆ ಕೆಲವು ಕ್ಲಬ್ಬುಗಳೂ ಇದೇ ದಾರಿ ಹಿಡಿದವು.

ಪಂದ್ಯಗಳಿಲ್ಲದಿದ್ದರೆ ಟಿಕೆಟ್ಟಿನ ಹಣವಿಲ್ಲ, ಪ್ರಾಯೋಜಕರಿಲ್ಲ, ಪ್ರಸಾರದ ಪಾಲಿಲ್ಲ ಎಂಬುದು ನಿಜ. ಈ ಬಿಕ್ಕಟ್ಟನ್ನು ಸೃಷ್ಟಿಸಿದ್ದು ಬಿಎಫ್‌ಸಿ ಅಲ್ಲವೆಂಬುದೂ ನಿಜ. ಅಷ್ಟನ್ನು ಒಪ್ಪಿಕೊಂಡೇ ಹೇಳುತ್ತೇನೆ: ಈ ತೀರ್ಮಾನ ತಪ್ಪು, ಮತ್ತು ನಾನು ಮೇಲಿನ ಎಲ್ಲ ಉತ್ತರಗಳಲ್ಲಿ ಹೇಳುತ್ತ ಬಂದ ಕಾರಣಕ್ಕಾಗಿಯೇ ತಪ್ಪು. ಎರಡು ತಿಂಗಳ ಸಂಬಳ ಬಾಕಿ ಉಳಿದರೆ, ಕನಿಷ್ಠ 15 ದಿನಗಳ ನೋಟಿಸ್ ಕೊಟ್ಟು ಒಪ್ಪಂದವನ್ನು ಮುರಿದುಕೊಳ್ಳಲು ಫಿಫಾ ನಿಯಮ ಆಟಗಾರನಿಗೆ ಅವಕಾಶ ಕೊಡುತ್ತದೆ. ಅಂದರೆ 2023ರಲ್ಲಿ ಇಬ್ಬರು ಮೂವರು ಹೋದದ್ದಕ್ಕೆ ಹತ್ತನೆಯ ಸ್ಥಾನ ಕಂಡ ತಂಡ, ಈಗ ಎಲ್ಲರಿಗೂ ಹೊರಬಾಗಿಲು ತೆರೆದಿಡುತ್ತಿದೆ. ಆಟಗಾರರು ಹೋಗದೆ ಉಳಿದರೂ, ಕಷ್ಟಕಾಲದಲ್ಲಿ ಕ್ಲಬ್ಬು ತಮ್ಮ ಜೊತೆಗಿತ್ತೇ ಇರಲಿಲ್ಲವೇ ಎಂಬುದನ್ನು ಮುಂದಿನ ಒಪ್ಪಂದಕ್ಕೆ ಸಹಿ ಹಾಕುವಾಗ ನೆನಪಿಸಿಕೊಳ್ಳುತ್ತಾರೆ.

ಹೆಸರಾಂತ ಆಟಗಾರರ ಉಳಿತಾಯ ಕೆಲವು ತಿಂಗಳು ತಡೆದುಕೊಳ್ಳಬಹುದು. ನನ್ನ ಚಿಂತೆ ಇರುವುದು ಹತ್ತೊಂಬತ್ತರ ಹುಡುಗನ ಬಗ್ಗೆ, ಸ್ನಾಯು ತಿಕ್ಕುವವರ ಬಗ್ಗೆ, ಅಂಗಿ ಬೂಟು ಜೋಡಿಸುವವರ ಬಗ್ಗೆ. ಅವರ ಮನೆಯ ಬಾಡಿಗೆ ನ್ಯಾಯಾಲಯದ ತೀರ್ಪಿಗಾಗಿ ಕಾಯುವುದಿಲ್ಲ.

ಏನು ಮಾಡಬಹುದು ಎಂದು ಕೇಳಿದ್ದೀರಿ. ಕಂಠೀರವದ ಪಶ್ಚಿಮ ಗ್ಯಾಲರಿಯ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗದಷ್ಟು ಜೋರಾದ ದನಿ ನಮಗಿಲ್ಲ, ಆದರೆ ನಾವು ಬರೆಯಬಹುದು. ಕ್ಲಬ್ಬಿನ ಕಚೇರಿಗೆ ಕನ್ನಡದಲ್ಲೇ ಪತ್ರ ಬರೆದು ಮೂರು ವಿಷಯ ಕೇಳಿ. ಕಡಿಮೆ ಸಂಬಳದ ಆಟಗಾರರಿಗೂ ಸಹಾಯಕ ಸಿಬ್ಬಂದಿಗೂ ಪೂರ್ತಿ ವೇತನ ಕೊಟ್ಟು, ದೊಡ್ಡ ಸಂಬಳದವರೊಡನೆ ಮಾತಾಡಿ ಒಪ್ಪಿದ ಭಾಗವನ್ನಷ್ಟೇ ಮುಂದೂಡಬಹುದೇ? ಲೀಗ್ ಆರಂಭವಾದ ದಿನ ಬಾಕಿಯನ್ನು ಯಾವ ದಿನಾಂಕದೊಳಗೆ ತೀರಿಸುತ್ತೀರಿ? ಸುರೇಶ್ ಸಿಂಗ್, ರೋಶನ್, ವಿನೀತ್ ಇವರ ಒಪ್ಪಂದಗಳನ್ನು ಯಾವ ವರ್ಷದವರೆಗೆ ಭದ್ರಪಡಿಸಿದ್ದೀರಿ? ನನ್ನ ಪತ್ರವನ್ನು ಕಳೆದ ಸೋಮವಾರ ಅಂಚೆಗೆ ಹಾಕಿದ್ದೇನೆ. ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ಅದನ್ನು ಪೂರ್ತಿಯಾಗಿ ಪ್ರಕಟಿಸುತ್ತೇನೆ. ಬಾರದಿದ್ದರೆ ತಮ್ಮ ಪತ್ರವನ್ನು ಜೊತೆಗಿಟ್ಟು ಮತ್ತೊಮ್ಮೆ ಬರೆಯುತ್ತೇನೆ.